ತೂತುಗಲ್ಲಿನೊಳಗೆ ಕೂತು ಬಂದವನು

ಬೀದರಿನ ಆ ಹೈಸ್ಕೂಲಿನಲ್ಲಿ ಬಾಬುಮಿಯಾ ಹದಿನಾಲ್ಕು ವರ್ಷದಿಂದ ಜವಾನ. ಮೊದಲು ನಿಜಾಮರ ಜವಾನ, ಆಮೇಲೆ ಹೈದರಾಬಾದ್ ಸರ್ಕಾರದ ಜವಾನ, ಇನ್ನು ಎಂಟು ದಿನ ಕಳೆದರೆ ಮೈಸೂರು ರಾಜ್ಯದ ಜವಾನ. ಯಾವ ಸರ್ಕಾರ ಬಂದರೂ ಕಸ ಒಂದೇ ಥರ ಬೀಳುತ್ತಿದ್ದುದರಿಂದ ಅವನಿಗೆ ಅದರ ಗೊಡವೆ ಇರಲಿಲ್ಲ.

ಗೊಡವೆಯೆಲ್ಲ ಹೆಡ್ ಮಾಸ್ತರ್ ಏಕನಾಥರಾಯರದು. "ನವೆಂಬರ್ ಒಂದಕ್ಕ ನಮಗೂ ಸಮುದ್ರ ಬರ್ತದ!" ಎಂದು ಅವರು ಸಾರಿದ್ದರು. ಕಾರವಾರವೂ ಅದೇ ದಿನ ಅದೇ ರಾಜ್ಯಕ್ಕೆ ಸೇರುವುದಿತ್ತು. ಅಲ್ಲಿದ್ದ ಅವರ ಭಾವಮೈದುನ ಲಾರಿಯಲ್ಲಿ ನಾಲ್ಕು ಡಬ್ಬ ಉಪ್ಪುನೀರು, ಐದು ಬಣ್ಣದ ಮೀನು, ಪಾಚಿ ಹಿಡಿದ ಒಂದು ತೂತುಗಲ್ಲು ಕಳಿಸಿದ. ಆ ದಿನ ಜನಕ್ಕೆ ತೋರಿಸಲೆಂದು, ಬುಧವಾರ ಶಾಲೆಯ ಒಂದು ಕೋಣೆಯಲ್ಲಿ ಗಾಜಿನ ತೊಟ್ಟಿಯೊಳಗೆ ಸಮುದ್ರ ತಯಾರಾಯಿತು.

ಗುರುವಾರ ಮೀನು ನಾಲ್ಕು. ಶುಕ್ರವಾರ ಮೂರು. ಶನಿವಾರ ಎರಡು. ಕೋಣೆಯ ಚಾವಿ ಇದ್ದದ್ದು ಬಾಬುಮಿಯಾನ ಸೊಂಟದಲ್ಲಿ.

"ಖರೇ ಹೇಳು, ಹುರಕೊಂಡು ತಿಂದಿ ಹೌದಿಲ್ಲೋ?" ಎಂದು ರಾಯರು ಎಲ್ಲ ಮಾಸ್ತರರ ಮುಂದೆ ಕೇಳಿದರು.

"ಹೆಬ್ಬೆರಳಿನಷ್ಟು ಮೀನಿಗಿ ಯಾರು ಎಣ್ಣಿ ಸುಡ್ತಾರ್ರಿ ಸಾಬ?"

ಮಾಸ್ತರರು ನಕ್ಕರು. ರಾಯರು ನಗಲಿಲ್ಲ. "ಇನ್ನೊಂದು ಹೋತಂದ್ರ ಮ್ಯಾಲಿನವ್ರಿಗಿ ಬರೀತೇನಿ."

ಆಗ ಬಾಬುಮಿಯಾನೂ ನಕ್ಕಿದ್ದ. ಮನೆಗೆ ಬಂದ ಮೇಲೆ ಮಾತ್ರ ರೊಟ್ಟಿಯ ತಾಟು ಪಕ್ಕಕ್ಕೆ ಸರಿಸಿದ. ಹದಿನಾಲ್ಕು ವರ್ಷದಲ್ಲಿ ಒಂದು ಸೀಮೆಸುಣ್ಣವನ್ನೂ ಮನೆಗೆ ತಂದವನಲ್ಲ ಅವನು. ಹೆಂಡತಿ ಶಾಕಿರಾ ಬೇಗಂ ಜನವಾಡದವಳು, ಹೊಳೆ, ಹಳ್ಳ ಬಲ್ಲವಳು. ಎಲ್ಲ ಕೇಳಿ ಒಂದೇ ಮಾತು ಕೇಳಿದಳು:

"ಕಲ್ಲಿನಾಗ ತೂತು ಅದಾವೇನ್ರಿ?"

"ಅದಾವ."

"ಹಂಗಾದ್ರ ಒಳಗ ಏಡಿ ಅದ. ಹಗಲೆಲ್ಲ ನಿಮ್ಮ ಹೆಡ್ ಮಾಸ್ತರ ಹಂಗ ಸುಮ್ಮ ಕೂಡ್ತದ, ಕತ್ತಲಾತಂದ್ರ ಊಟಕ್ಕ ಏಳ್ತದ. ಗಾಜಿನ ಗ್ಲಾಸಿನಾಗ ಮಾಂಸದ ಚೂರು ಹಾಕಿ ಕಲ್ಲಿಗಿ ಓರೆ ಮಾಡಿ ಇಡ್ರಿ. ಒಳಗ ಜಾರ್ತದ, ಹೊರಗ ಹತ್ತಾಕ ಬರಂಗಿಲ್ಲ."

ಆ ರಾತ್ರಿಯೇ ಹೋಗಿ ಬಾಬುಮಿಯಾ ಉಳಿದೆರಡು ಮೀನನ್ನು ಉಪ್ಪುನೀರಿನ ಡಬ್ಬದಲ್ಲಿ ತೆಗೆದಿಟ್ಟ. ಭಾನುವಾರ ಬೆಳಿಗ್ಗೆ ಗ್ಲಾಸು ಇಟ್ಟು, ಕತ್ತಲಾಗಲೆಂದು ತೊಟ್ಟಿಯ ಮೇಲೆ ಕರಿ ಕಂಬಳಿ ಹೊದಿಸಿ, ತಾನೂ ಒಳಗೆ ತಲೆ ತೂರಿಸಿ ಕೂತ. ರಾಯರು ಮೀನು ಎಣಿಸಲು ಬಂದರು.

"ಏನಲೇ, ನೆಗಡಿ ಆಗ್ಯದೇನು? ಹಬಿ ತಗೋಳಾಕತ್ತೀ?"

"ಒಳಗ ಬರ್ರಿ ಸಾಬ. ಮಾತಾಡಬ್ಯಾಡ್ರಿ."

ಹುಟ್ಟಿದಾಗಿನಿಂದ ಮಾಂಸ ಮುಟ್ಟದ ರಾಯರು ಮೂಗಿಗೆ ಧೋತರದ ಚುಂಗು ಹಿಡಿದು ಕಂಬಳಿಯೊಳಗೆ ಬಗ್ಗಿದರು. ಎರಡು ತಲೆ, ಒಂದು ಕಂಬಳಿ, ಬೆವರೋ ಬೆವರು. ಸುಮಾರು ಹೊತ್ತಾದ ಮೇಲೆ ಕಲ್ಲಿನ ತೂತಿನಿಂದ ಒಂದು ಕೊಂಡಿ ಬಂತು, ಅದರ ಹಿಂದೆ ಬೆಂಕಿಪೊಟ್ಟಣದಷ್ಟಗಲದ ಏಡಿ. ಅತ್ತಿತ್ತ ನೋಡಿತು, ಗ್ಲಾಸಿನ ಅಂಚು ಹತ್ತಿತು, ಸರ್ರನೆ ಒಳಗೆ ಜಾರಿತು. ಆಮೇಲೆ ಗಾಜು ಕೆರೆದದ್ದೇ ಕೆರೆದದ್ದು.

"ಇವನ ನೋಡ್ರಿ! ನಿಮ್ಮ ಭಾವಮೈದುನ ಕಳಿಸಿದ ಕಳ್ಳ!"

"ಅವ ಕಳಿಸಿಲ್ಲೋ. ಇದು ಟಿಕೀಟಿಲ್ಲದ ತಾನಾಗಿ ಬಂದದ." ರಾಯರ ದನಿ ಇಳಿದಿತ್ತು. "ಬಾಬುಮಿಯಾ, ನಂದು ತಪ್ಪಾತಪಾ."

"ನಿನ್ನೆ ಎಲ್ಲಾರ ಮುಂದ ಅಂದೀರಿ. ಇವತ್ತ ಕಂಬಳಿಯೊಳಗ ಮಾಫಿ ಬ್ಯಾಡ್ರಿ ಸಾಬ."

ಅಷ್ಟು ಮಾತು ತನ್ನ ಬಾಯಿಂದ ಬಂತೆಂದು ಅವನಿಗೇ ಬೆರಗಾಯಿತು. ರಾಯರು ಕಂಬಳಿಯಿಂದ ತಲೆ ಎಳೆದುಕೊಂಡು ಹೊರಟುಹೋದರು. ಆದರೆ ಸೋಮವಾರ, ಮಾಸ್ತರರೆಲ್ಲ ಕೂತಿರುವಾಗ ಎದ್ದು ನಿಂತು, ಟೊಪ್ಪಿಗೆ ತೆಗೆದು, "ಬಾಬುಮಿಯಾ ಮೀನು ತಿಂದಿಲ್ಲ. ತಪ್ಪು ನಂದು," ಎಂದರು.

ನವೆಂಬರ್ ಒಂದರಂದು ಭಾಲ್ಕಿ, ಔರಾದ ಕಡೆಯ ಜನವೂ ಸಮುದ್ರ ನೋಡಲು ಬಂದರು. ಉಳಿದ ಎರಡು ಮೀನು ಯಾರಿಗೂ ಬೇಕಾಗಲಿಲ್ಲ; ಬರಣಿಯಲ್ಲಿದ್ದ ಏಡಿಯ ಮುಂದೆ ನೂಕುನುಗ್ಗಲು. ಅದು ಹೇಗೆ ಬಂತು, ಹೇಗೆ ಸಿಕ್ಕಿತು ಎಂದು ಬಾಬುಮಿಯಾ ಬೆತ್ತ ಹಿಡಿದು ಹೇಳಿದ, ಹೇಳಿದಂತೆಲ್ಲ ಏಡಿ ದೊಡ್ಡದಾಯಿತು. ಯಾರಾದರೂ ರಾಯರನ್ನು ಕೇಳಿದರೆ, "ಅವನ್ನ ಕೇಳ್ರಿ, ಅವಗ ಗೊತ್ತು," ಎನ್ನುತ್ತಿದ್ದರು.

ಸಂಜೆ ಜನ ಕರಗಿದ ಮೇಲೆ ರಾಯರು, "ಇದನ್ನ ಬಾವ್ಯಾಗ ಒಗದು ಬಾ," ಎಂದರು.

"ಸಿಹಿ ನೀರಿನಾಗ ಸಾಯ್ತದ್ರಿ."

ದೀಪಾವಳಿ ಮುಗಿದ ಮೇಲೆ ಅದೇ ಲಾರಿ ಮತ್ತೆ ಬಂದು ಕಾರವಾರಕ್ಕೆ ಮರಳುವಾಗ ಬಾಬುಮಿಯಾ ಬರಣಿಯ ಬಾಯಿಗೆ ತೆಳು ಬಟ್ಟೆ ಕಟ್ಟಿ ಡ್ರೈವರನ ಪಕ್ಕದಲ್ಲಿ ಇಟ್ಟ. "ಸಮುದ್ರದ ದಂಡಿಗಿ ಬಿಡ್ರಿ. ನೀರಿಗಿ ಬೆರಳ ಹಾಕಬ್ಯಾಡ್ರಿ, ಹಿಡಿತದ," ಎಂದ. ಲಾರಿ ಧೂಳೆಬ್ಬಿಸಿ ಹೋಯಿತು.