ಜಗಳಕ್ಕೆ ಜೋಡಿ

ಲುಸಾಕಾದ ಈ ಬಸ್ ಕಂಪನಿಯ ದೂರು ವಿಭಾಗದಲ್ಲಿ ದಿನವಿಡೀ ಬೈಸಿಕೊಳ್ಳುವುದೇ ನಮ್ಮ ಕೆಲಸ. ಪೆಟ್ಟಿಗೆ ಕಳೆದುಕೊಂಡವರು, ಬಸ್ಸು ತಪ್ಪಿಸಿಕೊಂಡವರು, ಸೆಕೆಗೆ ಕೋಳಿ ಸತ್ತುಹೋದವರು, ಎಲ್ಲರೂ ನಮ್ಮ ಮೇಲೆಯೇ ಹರಿಹಾಯುತ್ತಾರೆ. ಬೈಸಿಕೊಳ್ಳುವುದನ್ನೂ ಕಲಿಸಬೇಕು ಎಂದು ಜೋಹಾನ್ಸ್‌ಬರ್ಗ್‌ನ ಮುಖ್ಯ ಕಚೇರಿಗೆ ಹೊಳೆದದ್ದೇ ತಡ, ತರಬೇತಿಯ ಯೋಜನೆ ಮಾಡುವ ಕೆಲಸ ನಮ್ಮ ಲುಯಾಂಡೊ ತಲೆಗೆ ಬಿತ್ತು. ಅದು ಚೆನ್ನಾಗಿ ನಡೆದರೆ ಅವಳ ನೌಕರಿ ಕಾಯಂ.

ಜೋಹಾನ್ಸ್‌ಬರ್ಗ್‌ನಿಂದ ಬಂದ ಮಾದರಿಯಲ್ಲಿ ಒಂದು ಪಾಠವಿತ್ತು. ಇಬ್ಬಿಬ್ಬರು ಎದುರುಬದುರು ಕೂರಬೇಕು. ಒಬ್ಬರು ಸಿಟ್ಟಿಗೆದ್ದ ಪ್ರಯಾಣಿಕರಾಗಿ ಬೈಯಬೇಕು, ಇನ್ನೊಬ್ಬರು ಸಮಾಧಾನ ಮಾಡಬೇಕು. ಇಲ್ಲಿ ಲುಯಾಂಡೊ ತಲೆ ಓಡಿಸಿದಳು. ಇಲ್ಲಿನ ಬೆಂಬಾ ಕುಲದವರೂ ನ್ಗೋನಿ ಕುಲದವರೂ ತಮಾಷೆಯ ದಾಯಾದಿಗಳು. ಸಾವಿನ ಮನೆಯಲ್ಲೂ ಒಬ್ಬರನ್ನೊಬ್ಬರು ಹೀಯಾಳಿಸಬಹುದು, ಯಾರೂ ನೊಂದುಕೊಳ್ಳುವ ಹಾಗಿಲ್ಲ. ಪ್ರತಿ ಬೆಂಬಾಗೆ ಒಬ್ಬ ನ್ಗೋನಿಯನ್ನು ಜೋಡಿ ಮಾಡಿದರೆ ಬೈಗುಳ ತಾನಾಗಿ ಬರುತ್ತದೆ, ಮನಸ್ಸೂ ಕೆಡುವುದಿಲ್ಲ. ಯೋಚನೆ ಸೊಗಸಾಗಿತ್ತು, ಇಲ್ಲವೆನ್ನಲಾರೆ. ಆದರೆ ಆ ಖುಷಿಯಲ್ಲಿ ಅವಳು ಕುಲ ನೋಡಿದಳು, ಮನುಷ್ಯರನ್ನು ನೋಡಲಿಲ್ಲ.

ತರಬೇತಿಯ ದಿನ ಮುಖ್ಯ ಕಚೇರಿಯ ಶ್ರೀಮತಿ ಫೌರಿ ಬಂದು ಹಿಂದಿನ ಸಾಲಿನಲ್ಲಿ ಕೂತರು. ಮೊದಲ ಜೋಡಿಗೇ ಕೋಣೆ ಬಿದ್ದುಬಿದ್ದು ನಕ್ಕಿತು.

"ಏಯ್ ಇಲಿ ತಿನ್ನೋನೇ, ನನ್ನ ಪೆಟ್ಟಿಗೆ ಎಲ್ಲೋ?" ಎಂದಳು ಬೆಂಬಾದವಳು.

"ಒಳಗೆ ಏನಿತ್ತಮ್ಮ, ನಿಮ್ಮ ಮನೆ ಅಡುಗೆಗೆ ಕೋತಿನಾ? ಅದು ಆಗಲೇ ಕಬ್ವೆ ಸ್ಟಾಪಲ್ಲಿ ಇಳ್ಕೊಂಡು ಹೋಯ್ತು!" ಎಂದ ನ್ಗೋನಿ.

ಫೌರಿ ಮೇಡಂ ಕೂಡ ನಕ್ಕರು. ಲುಯಾಂಡೊ ಮುಖ ಅರಳಿತು. ಅದೇ ಗೆಲುವಿನಲ್ಲಿ ಮುಂದಿನ ಜೋಡಿಯನ್ನು ಕರೆದಳು: "ಜೆರೆ, ಬಾನಾ ಕಸೊಂಡೆ."

ಕೋಣೆ ಗಪ್‌ಚಿಪ್ಪಾಯಿತು.

ಬಾನಾ ಕಸೊಂಡೆ ಎಂದರೆ ಕಸೊಂಡೆಯ ತಾಯಿ, ನಮ್ಮ ವಿಭಾಗದಲ್ಲೇ ಕೆಲಸ ಮಾಡುವ ಬೆಂಬಾ ಹೆಂಗಸು. ಆ ಕಸೊಂಡೆಯನ್ನೇ ಜೆರೆ ಜೂನ್‌ನಲ್ಲಿ ಮದುವೆಯಾಗಿದ್ದ. ಬೆಂಬಾ ಪದ್ಧತಿಯಲ್ಲಿ, ಅಳಿಯನನ್ನು ಒಳಗೆ ಕರೆದುಕೊಳ್ಳುವ ಊಟ ಆಗುವವರೆಗೆ ಅವನು ಅತ್ತೆಯ ಮುಖ ನೋಡಬಾರದು, ನೇರವಾಗಿ ಮಾತಾಡಬಾರದು. ಅದಕ್ಕೇ ಪಾಪ, ಮದುವೆಯಾದಾಗಿನಿಂದ ಕಚೇರಿಗೆ ಹಿಂಬಾಗಿಲಿನಿಂದ ಬರುತ್ತಿದ್ದ. ಲುಯಾಂಡೊಗೆ ಇದು ಗೊತ್ತಿರಲಿಲ್ಲವೇ? ಮದುವೆಯಲ್ಲಿ ಎಲ್ಲರಿಗಿಂತ ಜಾಸ್ತಿ ಕುಣಿದವಳೇ ಅವಳು. ಹೆಸರು ಬಾಯಿಂದ ಬಿದ್ದ ಮೇಲೆ ನೆನಪಾಯಿತು, ಮುಖ ಬಿಳಿಚಿಕೊಂಡಿತು.

"ಯಾಕೆ ಸುಮ್ನಾದ್ರು? ಏನಾದ್ರೂ ತೊಂದ್ರೆನಾ?" ಎಂದರು ಫೌರಿ.

ತಪ್ಪು ನನ್ನದು, ಜೋಡಿ ಬದಲಾಯಿಸುತ್ತೇನೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಲುಯಾಂಡೊ ಹೇಳಿದ್ದು ಬೇರೆ.

"ಏನಿಲ್ಲ ಮೇಡಂ. ಇವನು ತಯಾರಾಗಿ ಬಂದಿಲ್ಲ ಅಷ್ಟೇ. ಬೈಯೋ ಜೆರೆ, ಹೊತ್ತಾಗ್ತಿದೆ."

ಜೆರೆ ನೆಲ ನೋಡುತ್ತ ನಿಂತ. ಅವನ ಕಿವಿ ಬೆವರುತ್ತಿತ್ತು. ಬಾನಾ ಕಸೊಂಡೆ ಎದ್ದಳು, ಕುರ್ಚಿಯನ್ನು ಗೋಡೆಗೆ ತಿರುಗಿಸಿದಳು, ಸೊಂಟದ ಚಿತೆಂಗೆ ಬಟ್ಟೆ ಬಿಚ್ಚಿ ತಲೆಯ ಮೇಲೆ ಎಳೆದುಕೊಂಡು ಕೂತಳು.

"ಲುಯಾಂಡೊ, ಅವ್ರಿಗೆ ಹೇಳಮ್ಮ, ಪೆಟ್ಟಿಗೆ ಹುಡುಕಿಸ್ಕೊಡ್ತೀವಿ ಅಂತ," ಎಂದಳು ಗೋಡೆ ನೋಡುತ್ತಲೇ.

ಜೆರೆ ನೆಲಕ್ಕೇ ಹೇಳಿದ, "ಅಮ್ಮನವ್ರಿಗೆ ಹೇಳಿ, ಪೆಟ್ಟಿಗೆ ಹೋದ್ರೆ ಹೋಗ್ಲಿ, ಅವ್ರು ತೊಂದ್ರೆ ತಗೊಳ್ಳೋದು ಬೇಡ."

ಯಾರೂ ನಗಲಿಲ್ಲ. ನಡುವೆ ನಿಂತ ಲುಯಾಂಡೊಗೆ ಆ ಮಾತನ್ನು ಆಚೆ ದಾಟಿಸಲೂ ಬಾಯಿ ಬರಲಿಲ್ಲ. ನಾವೂ ತುಟಿ ಬಿಚ್ಚಲಿಲ್ಲ, ನಮ್ಮ ನಮ್ಮ ಕುರ್ಚಿ ನಮಗೆ ದೊಡ್ಡದಾಗಿತ್ತು. ಅದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಗ್ರಾಹಕರ ಮುಂದೆ ಬಾಯಿ ಬರದವನು ಈ ವಿಭಾಗಕ್ಕೆ ಬೇಡ ಎಂದರು ಫೌರಿ. ಸೋಮವಾರದಿಂದ ಜೆರೆ ಬಸ್ಸಿನ ತಲೆಗೆ ಮೂಟೆ ಏರಿಸತೊಡಗಿದ. ಲುಯಾಂಡೊ ಕಾಯಂ ಆದಳು.

ಕಾಯಂ ಆದವಳ ಅವಸ್ಥೆ ನೋಡಬೇಕಿತ್ತು. ಬಾನಾ ಕಸೊಂಡೆ ಓಣಿಯಲ್ಲಿ ಎದುರಾದರೆ ಅಂಗಡಿಯೊಳಗೆ ನುಗ್ಗುವಳು. ಮಧ್ಯಾಹ್ನ ಎಲ್ಲರೂ ನ್ಶಿಮಾ ಮುದ್ದೆ ಉಣ್ಣಲು ಕೂತರೆ ತನಗೆ ಹಸಿವಿಲ್ಲ ಎನ್ನುವಳು. ಕೊನೆಗೆ ಕಚೇರಿಗೂ ಹಿಂಬಾಗಿಲಿನಿಂದಲೇ ಬರತೊಡಗಿದಳು.

ಆಗಸ್ಟ್‌ನಲ್ಲಿ ಅಳಿಯನ ಊಟ ಆಯಿತು. ಲುಯಾಂಡೊ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಅವಳು ಹಿಂಬಾಗಿಲು ತೆಗೆದರೆ ಎದುರಿಗೇ ಬಾನಾ ಕಸೊಂಡೆ, ಕೈಯಲ್ಲಿ ಊಟದ ಡಬ್ಬಿ. ಲುಯಾಂಡೊ ತಲೆ ತಗ್ಗಿಸಿದಳು.

"ಏನೇ ಹುಡುಗಿ, ನೀನ್ಯಾವಾಗ ನನ್ನ ಅಳಿಯ ಆದೆ?"

ಲುಯಾಂಡೊ ಪಕ್ಕಕ್ಕೆ ಸರಿದು ಹೋಗನೋಡಿದಳು, ಅವಳು ದಾರಿ ಬಿಡಲಿಲ್ಲ.

"ಅವನನ್ನಂತೂ ಒಳಗೆ ಕರ್ಕೊಂಡ್ವಿ. ನಿನ್ನೆ ನನ್ನೆದುರಿಗೇ ಕೂತು ಉಂಡ. ಕೈ ನೋಡಿದೆ, ಮೂಟೆ ಹೊತ್ತು ಬೊಕ್ಕೆ ಎದ್ದಿದಾವೆ. ನಿನ್ನ ಒಳಗೆ ಕರ್ಕೊಳ್ಳೋಕೆ ಏನು ಅಡುಗೆ ಮಾಡ್ಲಿ, ಹೇಳು."

ಲುಯಾಂಡೊ ಡಬ್ಬಿ ಮುಟ್ಟಲಿಲ್ಲ. ಒಳಗೆ ಹೋಗಿ, ನಾವೆಲ್ಲ ಕೂತಿರುವಂತೆಯೇ, ಜೋಹಾನ್ಸ್‌ಬರ್ಗ್‌ಗೆ, ಫೌರಿ ಮೇಡಂಗೆ ಫೋನ್ ಹಚ್ಚಿದಳು.

"ಮೇಡಂ, ಆವತ್ತು ನೀವು ಏನು ತೊಂದ್ರೆ ಅಂತ ಕೇಳಿದ್ರಿ. ನಾನು ಸುಳ್ಳು ಹೇಳಿದೆ."

ಹಿಂದೆಯೇ ಬಂದ ಬಾನಾ ಕಸೊಂಡೆ ಮೇಜಿನ ಮೇಲೆ ಡಬ್ಬಿ ಇಟ್ಟು, ಕುರ್ಚಿಯೊಂದನ್ನು ಎಳೆದುಕೊಂಡು ಅವಳ ಎದುರಿಗೇ ಕೂತಳು.