ಗೆರೆಯ ಹೊರಗೆ ಅರ್ಧ ಇಂಚು

ನನ್ನ ಗಂಡ ದರ್ಜಿ. ಅಂಗಡಿಯಲ್ಲಿ ಗುಂಡಿ, ಕಾಜಾ, ಹೆಮ್ಮಿಂಗ್ ನನ್ನವು. ಸೀಮೆಸುಣ್ಣ, ಮಾರ್ಕಿಂಗ್ ಪೆನ್ನು, ದೊಡ್ಡ ಕತ್ತರಿ ಅವರವು. ಇಷ್ಟು ವರ್ಷದಲ್ಲಿ ಒಮ್ಮೆಯೂ ನನ್ನ ಕೈಗೆ ಕೊಟ್ಟವರಲ್ಲ. "ನೀನು ಗೆರೆ ಎಳೆದ್ರೆ ಪ್ಯಾಂಟು ಹೋಗಿ ಲಂಗ ಆಗುತ್ತೆ" ಎಂದು ಗಿರಾಕಿಗಳ ಮುಂದೆಯೇ ಕಿಚಾಯಿಸುತ್ತಾರೆ. ತಮ್ಮ ಕೈಯ ಬಗ್ಗೆ ಅವರಿಗೆ ಅಷ್ಟು ಜಂಬ.

ನೆಲಕ್ಕೆ ಬಿದ್ದಿದ್ದ ಗುಂಡುಸೂಜಿ ತುಳಿದಾಗಲೂ ಅದೇ ಜಂಬ. "ಸೂಜಿ ಚುಚ್ಚದೋನು ದರ್ಜಿನೇ ಅಲ್ಲ" ಎಂದು ಕಿತ್ತೆಸೆದು ಮತ್ತೆ ಮೆಷಿನ್ ತುಳಿಯಲು ಕುಳಿತರು. ವಾರದೊಳಗೆ ಪಾದ ಬನ್ನಿನಂತೆ ಊದಿಕೊಂಡು, ಕೆಂಪು ಕಣಕಾಲಿನ ಮೇಲಕ್ಕೇರಿತು. ಕ್ಲಿನಿಕ್ಕಿನ ಡಾಕ್ಟರಮ್ಮ, ಚರ್ಮದೊಳಗೆ ಸೋಂಕು ಹರಡಿದೆ ಎಂದು ಆಂಟಿಬಯಾಟಿಕ್ ಮಾತ್ರೆ ಬರೆದುಕೊಟ್ಟರು. ಆಮೇಲೆ ನೀಲಿ ಪೆನ್ನು ತೆಗೆದು, ಕೆಂಪಿನ ಅಂಚಿಗೇ ಸುತ್ತಲೂ ಗೆರೆ ಎಳೆದರು.

"ಕೆಂಪು ಈ ಗೆರೆ ದಾಟಿದ್ರೆ ಮಾತ್ರೆ ಸಾಲ್ತಿಲ್ಲ ಅಂತ ಅರ್ಥ. ಕಾಯ್ತಾ ಕೂರ್ಬೇಡಿ, ದೊಡ್ಡಾಸ್ಪತ್ರೆಗೆ ಹೋಗಿ. ರಕ್ತಕ್ಕೆ ಸೇರಿದ್ರೆ ಕಾಲಷ್ಟೇ ಅಲ್ಲ, ಜೀವಕ್ಕೇ ಕುತ್ತು."

ಅಂದಿನಿಂದ ನನಗೆ ಊಟ ಸೇರಲಿಲ್ಲ. ಗುಂಡಿ ಹೊಲಿಯುವಾಗಲೂ ಕಣ್ಣೆಲ್ಲ ಆ ಕಾಲಿನ ಮೇಲೆಯೇ. ಕೇಳಿದಾಗಲೆಲ್ಲ ಅವರದು ಒಂದೇ ಉತ್ತರ: "ಗೆರೆ ಒಳಗೇ ಇದೆ ಕಣೇ. ತಲೆ ತಿನ್ಬೇಡ."

ಮೂರನೆಯ ಮಧ್ಯಾಹ್ನ, ಬೆವರು ಕಿತ್ತುಬರುವ ಸೆಕೆಯಲ್ಲಿ, "ಫ್ಯಾನ್ ಆರಿಸೇ" ಎಂದರು. ಹಣೆ ಮುಟ್ಟಿದೆ, ಸುಡುತ್ತಿತ್ತು.

"ಮೊದ್ಲು ಆ ಕಾಲನ್ನ ಕಟಿಂಗ್ ಟೇಬಲ್ ಮೇಲಿಂದ ಇಳಿಸ್ರೀ. ಕತ್ತರಿ ಆಡೋ ಜಾಗದಲ್ಲಿ ಅದನ್ನ ನೋಡಕ್ಕಾಗಲ್ಲ ನಂಗೆ."

"ಎಲ್ಲದಕ್ಕೂ ಹೆದರ್ತೀಯಲ್ಲ ಮಾರಾಯ್ತಿ. ಗೆರೆ ದಾಟಿಲ್ಲ, ನೋಡು ಬೇಕಾದ್ರೆ" ಎಂದು ಪ್ಯಾಂಟು ಮಡಚಿ ತೋರಿಸಿದರು.

ದಾಟಿರಲಿಲ್ಲ, ನಿಜ. ಕೆಂಪು ಬಂದು ಗೆರೆಗೆ ತಾಗಿಕೊಂಡು ನಿಂತಿತ್ತು. ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಗೆರೆ ತೀರಾ ಚೆನ್ನಾಗಿತ್ತು. ಡಾಕ್ಟರಮ್ಮ ಎಳೆದದ್ದು ಅವರ ಅಕ್ಷರದ ಹಾಗೇ ಅಂಕುಡೊಂಕು. ಇದೋ, ಕೋಟಿನ ಕಂಕುಳ ಸುತ್ತಿನಂತೆ ನುಣ್ಣಗೆ ತಿರುಗಿತ್ತು.

"ರೀ, ಈ ಗೆರೆ ಯಾರು ಎಳೆದಿದ್ದು?"

"ನಾನೇ. ಸ್ನಾನ ಮಾಡಿ ಅಳಿಸಿಹೋಗ್ತಾ ಇತ್ತು, ನಿನ್ನೆ ತಿದ್ದಿದೆ."

"ಅದರ ಮೇಲೇನಾ?"

"ಮತ್ತಿನ್ನೇನು, ಅದರ..."

ಅವರು ತಮ್ಮ ಬಲಗೈಯನ್ನೇ ನೋಡಿಕೊಂಡರು.

ನಮ್ಮ ಕೆಲಸದಲ್ಲಿ ಮೊದಲ ಗೆರೆ ಅಳತೆಯದು. ಎರಡನೆಯದನ್ನು ಅದರ ಹೊರಗೆ, ಹೊಲಿಗೆಗೆಂದು ಅರ್ಧ ಇಂಚು ಬಿಟ್ಟು ಎಳೆಯಬೇಕು. ಅವರ ಕೈ ಹುಡುಗಪ್ರಾಯದಿಂದ ಹಾಗೆಯೇ ಎಳೆದಿದೆ. ಯಾರನ್ನೂ ಕೇಳಿ ಎಳೆಯುವುದಿಲ್ಲ. ನಾನು ಬಗ್ಗಿ ನೋಡಿದೆ. ಕೆಂಪಿನ ನಡುವೆ, ಸರಿಯಾಗಿ ಅರ್ಧ ಇಂಚು ಒಳಗೆ, ಡಾಕ್ಟರಮ್ಮನ ನೀಲಿ ಚೂರುಪಾರು ಉಳಿದಿತ್ತು.

"ಅಯ್ಯೋ ಪುಣ್ಯಾತ್ಮ! ಕಾಲಿಗೂ ಮಾರ್ಜಿನ್ ಬಿಟ್ರೇನ್ರೀ?"

ಸಿಟ್ಟು ಮೊದಲು ಬಂತೋ ಅಳು ಮೊದಲು ಬಂತೋ ನನಗೇ ಗೊತ್ತಾಗಲಿಲ್ಲ.

"ಸಂಜೆ ಕೋಟಿನ ಟ್ರಯಲ್ಲು..." ಎಂದು ಗೊಣಗಿದರು.

"ಕೋಟು ಹಾಳಾಗ್ಹೋಗ್ಲಿ! ಏಳಿ ಮೇಲೆ!"

ಶಟರ್ ಎಳೆದು, ಸಿಕ್ಕ ಗಾಡಿ ಹತ್ತಿಸಿ ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ದಾರಿಯುದ್ದಕ್ಕೂ ಅವರ ಹಲ್ಲು ಕಟಕಟ ಎನ್ನುತ್ತಿತ್ತು. ಅಲ್ಲಿ ಕೂಡಲೇ ಅಡ್ಮಿಟ್ ಮಾಡಿಕೊಂಡು, ಕೈಯ ನರಕ್ಕೆ ಸೂಜಿ ಹಾಕಿ ಆಂಟಿಬಯಾಟಿಕ್ ಹನಿಸತೊಡಗಿದರು. ಕಾಲಿಗೆ ಹೊಸ ಗೆರೆ ಬಿತ್ತು. "ನಾಳೆ ಬಂದಿದ್ರೆ ಏನೂ ಹೇಳೋಕೆ ಆಗ್ತಿರ್ಲಿಲ್ಲ" ಎಂದರು ಅಲ್ಲಿನ ಡಾಕ್ಟರು. ಈಗಾದರೂ ಏನು ಹೇಳುತ್ತೀರಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಎರಡು ದಿನ ಕಳೆಯಿತು. ಬೆಳಿಗ್ಗೆ ನರ್ಸಮ್ಮ ಒದ್ದೆ ಬಟ್ಟೆಯಿಂದ ಕಾಲು ಒರೆಸುವಾಗ ಗೆರೆ ಮಸುಕಾಯಿತು. "ಟೈಲರ್ ಅಂತೆ, ನೀವೇ ತಿದ್ಕೊಳ್ಳಿ" ಎಂದು ನಗುತ್ತ ಪೆನ್ನು ಕೊಟ್ಟಳು. ಅವರು ಅದನ್ನು ಹಿಡಿದು ಮುಚ್ಚಳ ತೆಗೆದರು. ಆಮೇಲೆ ನನ್ನತ್ತ ಚಾಚಿದರು.

"ನೀನೇ ಎಳೆಯೇ. ನನ್ನ ಕೈ ನನ್ನ ಮಾತು ಕೇಳಲ್ಲ."

ಹಳೆಯ ಗೆರೆಯ ಮೇಲೆಯೇ ಎಳೆದೆ, ಕೂದಲೆಳೆಯಷ್ಟೂ ಆಚೀಚೆ ಬಿಡದೆ. ಕೆಂಪು ಒಂದು ಬೆರಳು ಒಳಗೆ ಸರಿದಿತ್ತು.