ಮಂಜಿಗೆ ಇಟ್ಟ ಕುಂಕುಮ

ಶೆನ್‌ಳ ಅಪ್ಪ ಬ್ರಷ್‌ನಲ್ಲಿ ಪದ್ಯ, ಚಿತ್ರ ಎರಡನ್ನೂ ಬರೆದ ಕಾಗದದ ಸುರುಳಿಯೊಂದು ಅಮೆರಿಕದಲ್ಲಿನ ನಮ್ಮ ಜರ್ಮನ್‌ಟೌನ್ ಅಪಾರ್ಟ್‌ಮೆಂಟಿಗೆ ಎರವಲು ಬಂದಿತ್ತು. ಲ್ಯಾಬಿನಲ್ಲಿ ಊಟದ ಹೊತ್ತಿಗೆ ನನ್ನೆದುರು ಕೂತು, ಮಾತಾಡದೆಯೂ ಜೊತೆಗಿರಬಲ್ಲವಳು ಚೀನಾದ ಶೆನ್ ಒಬ್ಬಳೇ. ನಾನು ಪದ್ಯದ ಅರ್ಥ ಕೇಳಿದ್ದಕ್ಕೆ, "ಗೋಡೆಗೆ ತೂಗುಹಾಕಿ ದಿನಾ ನೋಡು ಯಾಮಿನಿ. ಅಪ್ಪನದು ಅಂತ ಉಳಿದಿರೋದು ಇದೊಂದೇ, ಜೋಪಾನ," ಎಂದು ಕೊಟ್ಟಿದ್ದಳು. ಯಾರದೆಂದು ಗೊತ್ತಿಲ್ಲದ ಹಳೇ ಕಾಲದ ಪದ್ಯವಂತೆ. ಅವಳೇ ಬಿಡಿಸಿ ಹೇಳಿದ್ದಳು:

ಮಂಜು ಬಂತು, ಬೆಟ್ಟ ಹೋಯಿತು.
ದಡದ ದೋಣಿಯಲ್ಲಿ ನೀರು ಮಾತ್ರ ಕೂತಿದೆ.
ಬೆಳಗೋ ಸಂಜೆಯೋ,
ಕೊಕ್ಕರೆಗೂ ಗೊತ್ತಿಲ್ಲ.

ಅಕ್ಷರಗಳು ಒಂದು ಅಂಚಿನಲ್ಲಿ, ಒಂಟಿಕಾಲಿನ ಕೊಕ್ಕರೆ ಇನ್ನೊಂದು ಅಂಚಿನಲ್ಲಿ. ನಡುವೆ ಬರೀ ಕಾಗದ. ಆ ಖಾಲಿಯೇ ಮಂಜು. ಕಾಫಿ ಹಿಡಿದು ಅದರೆದುರು ಕೂತರೆ ನನ್ನೊಳಗೂ ಏನೋ ಸದ್ದಡಗುತ್ತಿತ್ತು.

ಶುಕ್ರವಾರ ಲ್ಯಾಬಿನಿಂದ ಬಂದಾಗ ಮಂಜಿನ ನಟ್ಟನಡುವೆ ದುಂಡನೆಯ ಕುಂಕುಮದ ಬೊಟ್ಟು.

"ಅತ್ತೆ!"

ಮೈಸೂರಿನಿಂದ ಬಂದಿದ್ದ ನಮ್ಮತ್ತೆ ರೇಣುಕಾದೇವಿ ಅಡುಗೆಮನೆಯಿಂದಲೇ ಉತ್ತರಿಸಿದರು. "ಮನೆಗೆ ಬಂದ ಹೊಸ ಸಾಮಾನು ಕಣೇ. ಕಾರಿಗೆ ಇಟ್ಟೆ, ಮೈಕ್ರೋವೇವಿಗೆ ಇಟ್ಟೆ. ಆಗ ಯಾರೂ ಕಿರುಚಲಿಲ್ಲವಲ್ಲ!"

"ಇದು ನಮ್ಮದಲ್ಲ ಅತ್ತೆ!"

"ನಮ್ಮ ಗೋಡೆ ಮೇಲಿದೆ. ಅಷ್ಟೊಂದು ಜಾಗ ಬೇರೆ ಖಾಲಿ ಬಿದ್ದಿತ್ತು."

ಹತ್ತಿಯಿಂದ ಒತ್ತಿ ನೋಡಿದೆ. ಎಣ್ಣೆ ಬೆರಳಿನ ಕುಂಕುಮ, ತುಸು ಮಾಸಿತೇ ಹೊರತು ಹೋಗಲಿಲ್ಲ. ಸುರುಳಿ ಒಯ್ಯಲು ಶೆನ್ ಅಂದೇ ಸಂಜೆ ಬರುವವಳಿದ್ದಳು.

"ಚೀನಾದವರು ಚಿತ್ರಕ್ಕೆ ಕೆಂಪು ಮೊಹರು ಒತ್ತುತ್ತಾರಂತೆ. ಮೊದಲಿಂದಲೂ ಇತ್ತು ಅಂದುಬಿಡು," ಎಂದ ನನ್ನ ಗಂಡ ಗುರುರಾಜ.

"ಅವಳಪ್ಪ ಬರೆದದ್ದು ಅವಳಿಗೆ ಗೊತ್ತಿರಲ್ವಾ? ಸುಮ್ಮನಿರು ನೀನು."

ಶೆನ್ ಬಂದಳು. ಶೂ ಬಿಚ್ಚಿ ಗೋಡೆಯ ಮುಂದೆ ನಿಂತಳು. ಮೌನವನ್ನು ಹುಡುಕಿಕೊಂಡು ಹೋಗುವ ನನಗೆ ಆ ಒಂದು ಮೌನ ಬೇಡವಾಗಿತ್ತು. ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಇನ್ನು ಲಂಚ್ ಟೇಬಲಿನಲ್ಲಿ ನನ್ನೆದುರಿನ ಕುರ್ಚಿ ಖಾಲಿಯೇ ಅಂದುಕೊಂಡೆ.

"ಸೂರ್ಯ," ಎಂದಳು ಬೊಟ್ಟಿನತ್ತ ಬೆರಳು ತೋರಿ. "ಹುಟ್ಟುತ್ತಿರೋದಾ, ಮುಳುಗುತ್ತಿರೋದಾ?"

"ಏನಂತೆ? ಬೈತಿದಾಳಾ?" ಅತ್ತೆ ಬಾಗಿಲಿಗೆ ಬಂದರು. ನಾನು ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದೆ.

"ನಾನು ಇಟ್ಟಿದ್ದು ಬೆಳಿಗ್ಗೆ, ಪೂಜೆ ಆದಮೇಲೆ," ಎಂದರು ಖಡಾಖಂಡಿತವಾಗಿ.

ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಶೆನ್‌ಳ ಭುಜ ನಡುಗಿತು. ಅಳು ಅಂದುಕೊಂಡೆ. ನಗು.

"ಅಟ್ಲಾಂಟಾದಲ್ಲಿ ನಮ್ಮಣ್ಣ ಪ್ರೊಫೆಸರ್," ಎಂದಳು ಕಣ್ಣೊರೆಸಿಕೊಂಡು. "ಈ ಖಾಲಿ ಜಾಗದ ಬಗ್ಗೆ ಪ್ರತಿ ಹಬ್ಬದೂಟದಲ್ಲೂ ಅವನದೊಂದು ಭಾಷಣ. ಕೇಳುತ್ತ ಕೇಳುತ್ತ ಅಪ್ಪನೇ ನಿದ್ದೆ ಹೋಗುತ್ತಿದ್ದರು. ಮುಂದಿನ ತಿಂಗಳು ಸುರುಳಿ ಅವನ ಮನೆಗೆ ಹೋಗುತ್ತೆ. ನಾನು ಏನೂ ಹೇಳಲ್ಲ. ಅವನೇ ಅರ್ಥ ಹುಡುಕಲಿ."

ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದಳು. "ನೀನು ಒತ್ತಿದ ಕಡೆ ಮಾಸಿದೆ. ಇನ್ನೊಂಚೂರು ದಟ್ಟ ಮಾಡ್ತಾರಾ ಕೇಳು. ಅಣ್ಣನಿಗೆ ಕಣ್ಣು ಮಂದ."

ಕೇಳಿದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ದೇವರ ಗೂಡಿನ ಕಡೆ ನಡೆದರು.